ಊರಿಗಾಗಿ ಹಾಡಿದ ದೇಶ: ಯೂರೋವಿಷನ್‌ನಲ್ಲಿ ಪೋರ್ಚುಗಲ್

2017ರ ಮೇ 13, ಶನಿವಾರ. ಪೋರ್ಚುಗಲ್‌ನವರಿಗೆ ಅವತ್ತು ಟಿವಿ ಆರಿಸೋಕೆ ಪುರುಸೊತ್ತೇ ಇರಲಿಲ್ಲ. ಬೆಳಿಗ್ಗೆ ಫಾತಿಮಾ ಎಂಬ ಊರಿನಲ್ಲಿ ಪೋಪ್ ಫ್ರಾನ್ಸಿಸ್ ಇಬ್ಬರು ಕುರಿ ಕಾಯುವ ಮಕ್ಕಳನ್ನು ಸಂತರೆಂದು ಘೋಷಿಸಿದರು. ಆ ಮಕ್ಕಳಿಗೆ ಮಾತೆ ಮೇರಿ ಕಾಣಿಸಿಕೊಂಡಳು ಎಂದು ನಂಬಲಾದ ದಿನಕ್ಕೆ ಸರಿಯಾಗಿ ನೂರು ವರ್ಷ. ಸಂಜೆ ಬೆನ್‌ಫಿಕಾ ತಂಡ 5-0ಯಿಂದ ಗೆದ್ದು, ಸತತ ನಾಲ್ಕನೇ ಸಲ ಫುಟ್‌ಬಾಲ್ ಲೀಗ್ ತನ್ನದಾಗಿಸಿಕೊಂಡಿತು. ರಾತ್ರಿ ಉಕ್ರೇನಿನ ಕೀವ್‌ನಲ್ಲಿ 27 ವರ್ಷದ ಸಾಲ್ವಡೋರ್ ಸೊಬ್ರಾಲ್ ಒಂದು ಮೆಲುದನಿಯ ಹಾಡು ಹಾಡಿ, ಯುರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯೂರೋವಿಷನ್ ಗೆದ್ದ.

ಹಳೆಯ ಸರ್ವಾಧಿಕಾರದ ಕಾಲದಲ್ಲಿ ಪೋರ್ಚುಗಲ್‌ನಲ್ಲಿ ಒಂದು ಕುಹಕದ ಮಾತಿತ್ತು. ಜನರನ್ನು ಸುಮ್ಮನಿರಿಸಲು ಮೂರು ‘ಫ’ ಸಾಕು: ಫಾದೊ, ಫಾತಿಮಾ, ಫುಟ್‌ಬಾಲ್. ಫಾದೊ ಅಂದರೆ ಅಲ್ಲಿನ ವಿರಹದ ಗಾಯನ. ಆ ಶನಿವಾರ ಮೂರೂ ಒಟ್ಟಿಗೇ ಬಂದ ಹಾಗಾಯ್ತು. ಒಂದೇ ವ್ಯತ್ಯಾಸ, ಸಾಲ್ವಡೋರ್ ಹಾಡಿದ್ದು ಫಾದೊ ಅಲ್ಲ, ಜಾಝ್‌ನ ನೆರಳಿರುವ ಒಂದು ಹಳೇ ಕಾಲದ ಪ್ರೇಮಗೀತೆ.

ಪೋರ್ಚುಗಲ್ ಈ ಸ್ಪರ್ಧೆಗೆ ಮೊದಲು ಬಂದಿದ್ದು 1964ರಲ್ಲಿ. ನಡುವೆ 1970, 2000, 2002, 2013 ಮತ್ತು 2016ರಲ್ಲಿ ಬರಲಿಲ್ಲ. ಅದನ್ನು ಕಳೆದರೆ 2017ರದು 49ನೇ ಸಲ. ಅಂದರೆ ಗೆಲ್ಲುವ ಮೊದಲು 48 ಸಲ ಸೋತಿತ್ತು. ಗೆಲುವಿನ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಜಾಸ್ತಿ ಕುತೂಹಲ ಆ 48ರ ಮೇಲೆ. ಹಾಡು ಬರದ ದೇಶವೇನಲ್ಲ ಅದು. ಮತ್ತೆ ಯಾಕೆ ಹೀಗೆ? ಹಳೆಯ ಹಾಡುಗಳನ್ನು ಒಂದೊಂದಾಗಿ ಕೇಳುತ್ತಾ ಹೋದಾಗ ನನಗೆ ಅನ್ನಿಸಿದ್ದು ಇಷ್ಟು: ಅವರು ವೇದಿಕೆ ಹತ್ತುತ್ತಿದ್ದುದು ಯುರೋಪಿನಲ್ಲಿ, ಹಾಡುತ್ತಿದ್ದುದು ಮಾತ್ರ ಮನೆಯವರಿಗೆ.

ಆಟದ ನಿಯಮ

ಗೊತ್ತಿಲ್ಲದವರಿಗೆ ಎರಡು ಮಾತು. ಯೂರೋವಿಷನ್ ಶುರುವಾಗಿದ್ದು 1956ರಲ್ಲಿ. ಇಲ್ಲಿ ಸ್ಪರ್ಧಿಸೋದು ಸರ್ಕಾರಗಳಲ್ಲ, ನಮ್ಮ ದೂರದರ್ಶನದ ಥರದ ಪ್ರಸಾರ ಸಂಸ್ಥೆಗಳು. ಪೋರ್ಚುಗಲ್‌ಗೆ ಅದು ಆರ್‌ಟಿಪಿ. ಒಂದು ದೇಶಕ್ಕೆ ಒಂದೇ ಹಾಡು, ಹೊಸದಾಗಿರಬೇಕು, ಮೂರು ನಿಮಿಷ ಮೀರಬಾರದು. ಈಗಿನ ಪದ್ಧತಿಯಲ್ಲಿ ಪ್ರತಿ ದೇಶದ ತೀರ್ಪುಗಾರರು ಒಂದು ಪಟ್ಟಿ ಕೊಡುತ್ತಾರೆ, ಫೋನಿನಲ್ಲಿ ಮತ ಹಾಕುವ ಜನ ಇನ್ನೊಂದು. ಮೊದಲ ಸ್ಥಾನಕ್ಕೆ 12 ಅಂಕ, ಎರಡನೆಯದಕ್ಕೆ 10, ಆಮೇಲೆ 8ರಿಂದ 1ರವರೆಗೆ. ಸ್ವಂತ ದೇಶಕ್ಕೆ ಮತ ಹಾಕುವ ಹಾಗಿಲ್ಲ.

ಈ ಕೊನೆಯ ನಿಯಮವೇ ಮುಖ್ಯ. ಮನೆಯವರು ಎಷ್ಟೇ ಮೆಚ್ಚಿದರೂ ಒಂದು ಅಂಕ ಸಿಗದು.

ಪೋರ್ಚುಗಲ್‌ನಲ್ಲಿ ಹಾಡು ಆರಿಸಲು ತನ್ನದೇ ಒಂದು ಸ್ಪರ್ಧೆಯಿದೆ, ‘ಫೆಸ್ಟಿವಾಲ್ ದ ಕನ್ಸಾಂವ್’, ಅಂದರೆ ಹಾಡಿನ ಹಬ್ಬ. (ಈ ‘ಸಾಂವ್’ ಉಚ್ಚಾರಣೆ ಮಂಗಳೂರು, ಗೋವಾ ಕಡೆಯವರಿಗೆ ಹೊಸದಲ್ಲ. ಸಾಂವ್ ಜುವಾಂವ್ ಹಬ್ಬದ ‘ಸಾಂವ್’ ಕೂಡ ಅಲ್ಲಿಂದಲೇ ಬಂದಿದ್ದು. ನಮ್ಮ ಮೇಜು, ಚಾವಿ, ಪಾದ್ರಿಗಳೂ ಅದೇ ಹಡಗಿನಲ್ಲಿ ಇಳಿದವು.) ಒಂದು ಕಾಲದಲ್ಲಿ ಈ ಹಬ್ಬದ ರಾತ್ರಿ ಇಡೀ ದೇಶ ಟಿವಿ ಮುಂದೆ ಕೂರುತ್ತಿತ್ತು. ಯೂರೋವಿಷನ್ ಆಮೇಲಿನ ಮಾತು.

ಸೊನ್ನೆಯಿಂದ ಶುರು

1964ರಲ್ಲಿ ಕೋಪನ್‌ಹೇಗನ್‌ಗೆ ಹೋದವರು ಅಂತೋನಿಯೊ ಕಾಲ್ವಾರಿಯೊ. ಬಂದ ಅಂಕ ಸೊನ್ನೆ. ಅದೇ ರಾತ್ರಿ ಒಬ್ಬ ಆಸಾಮಿ ಬ್ಯಾನರ್ ಹಿಡಿದು ವೇದಿಕೆಗೆ ನುಗ್ಗಿದ. ಅದರಲ್ಲಿ ‘ಫ್ರಾಂಕೊ ಮತ್ತು ಸಲಜಾರ್ ಅವರನ್ನು ಬಹಿಷ್ಕರಿಸಿ’ ಎಂದಿತ್ತು. ಫ್ರಾಂಕೊ ಸ್ಪೇನಿನ ಸರ್ವಾಧಿಕಾರಿ, ಸಲಜಾರ್ ಪೋರ್ಚುಗಲ್‌ನ ಸರ್ವಾಧಿಕಾರಿ. ಪಾಪ, ಗಾಯಕ ಮಾಡಿದ ತಪ್ಪೇನು? ಆದರೆ ಹೊರಗಿನವರ ಕಣ್ಣಿಗೆ ಪೋರ್ಚುಗಲ್ ಅಂದರೆ ಮೊದಲು ಸಲಜಾರ್, ಆಮೇಲೆ ಹಾಡು.

ಸರ್ವಾಧಿಕಾರ ಇದ್ದ ಕಡೆ ಹಾಡಿಗೆ ಎರಡು ಕೆಲಸ. ಕೇಳಲು ಚೆನ್ನಾಗಿರಬೇಕು, ಹೇಳಬಾರದ್ದನ್ನು ಹೇಳದ ಹಾಗೆ ಹೇಳಬೇಕು. 1973ರ ಹಾಡು ಇದಕ್ಕೆ ಒಳ್ಳೆಯ ಉದಾಹರಣೆ. ಫೆರ್ನಾಂಡೊ ತೊರ್ದೊ ಹಾಡಿದ ‘ತೊರಾದ’ ಮೇಲ್ನೋಟಕ್ಕೆ ಗೂಳಿ ಕಾಳಗದ ವರ್ಣನೆ. ಒಳಗೆ ಆಳುವವರ ಮೇಲೆ, ಅವರ ಸುತ್ತ ಮೆರೆಯುವವರ ಮೇಲೆ ಕಟಕಿ. ಸೆನ್ಸಾರ್ ಕಣ್ಣು ತಪ್ಪಿಸಿ ಅದು ಪಾರಾಯಿತು. ಲಿಸ್ಬನ್‌ನಲ್ಲಿ ಕೇಳಿದವರು ಮುಸಿಮುಸಿ ನಕ್ಕಿರಬೇಕು. ಬೇರೆ ದೇಶದ ತೀರ್ಪುಗಾರರಿಗೆ ಇದು ಹೇಗೆ ಗೊತ್ತಾಗಬೇಕು? ಅವರಿಗೆ ಕೇಳಿಸಿದ್ದು ಗೂಳಿ ಕಾಳಗ. ಸಿಕ್ಕಿದ್ದು ಹತ್ತನೇ ಸ್ಥಾನ.

ಕೊನೆಯ ಸ್ಥಾನದ ಹಾಡು

ಮುಂದಿನ ವರ್ಷ ನಡೆದದ್ದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ‘ಜಾಸ್ತಿಯಾಯ್ತು’ ಅನ್ನುತ್ತಿದ್ದೆವು.

1974ರ ಏಪ್ರಿಲ್ 6, ಇಂಗ್ಲೆಂಡಿನ ಬ್ರೈಟನ್. ಸ್ವೀಡನ್‌ನಿಂದ ಬಂದ ಅಬ್ಬಾ ಎಂಬ ತಂಡ 24 ಅಂಕ ಪಡೆದು ಗೆದ್ದಿತು. ಜಗತ್ತಿಗೆ ಆ ರಾತ್ರಿಯಿಂದ ನೆನಪಿರೋದು ಅಷ್ಟೇ. ಪೋರ್ಚುಗಲ್ ಪರವಾಗಿ ಪಾವ್ಲೊ ದ ಕಾರ್ವಾಲ್ಯೊ ಹಾಡಿದ್ದು ‘ಇ ದೆಪೊಯಿಶ್ ದು ಅದೆವುಶ್’, ಅಂದರೆ ‘ವಿದಾಯದ ನಂತರ’. ಪ್ರೇಮಿಗಳು ಅಗಲುವ ಹಾಡು. ಆಗ ಪ್ರತಿ ದೇಶದಲ್ಲಿ ಹತ್ತು ತೀರ್ಪುಗಾರರು, ತಲೆಗೊಂದು ಮತ. ಪೋರ್ಚುಗಲ್‌ಗೆ ಬಂದದ್ದು ಮೂರೇ ಮತ. ಇನ್ನೂ ಮೂರು ದೇಶಗಳ ಜೊತೆ ಕೊನೆಯ ಸ್ಥಾನ ಹಂಚಿಕೊಂಡು ಊರಿಗೆ ವಾಪಸ್.

ಇತ್ತ ಪೋರ್ಚುಗಲ್‌ನಲ್ಲಿ ಸೈನ್ಯದ ಕಿರಿಯ ಅಧಿಕಾರಿಗಳು ಗುಟ್ಟಾಗಿ ಸಭೆ ಸೇರುತ್ತಿದ್ದರು. ಅಂಗೋಲಾ, ಮೊಜಾಂಬಿಕ್, ಗಿನಿಗಳಲ್ಲಿ 1961ರಿಂದ ಮುಗಿಯದ ವಸಾಹತು ಯುದ್ಧ ಅವರನ್ನು ಸಾಕುಸಾಕಾಗಿಸಿತ್ತು. ದಂಗೆಯ ದಿನ ಗೊತ್ತಾಗಿತ್ತು. ಬೇರೆಬೇರೆ ಊರಿನ ತುಕಡಿಗಳೆಲ್ಲ ಒಟ್ಟಿಗೆ ಹೊರಡಬೇಕು. ಮೊಬೈಲ್ ಇಲ್ಲದ ಕಾಲ, ಫೋನ್ ಮಾಡಿದರೆ ಕದ್ದು ಕೇಳುವ ರಹಸ್ಯ ಪೊಲೀಸರು. ಉಳಿದ ದಾರಿ ರೇಡಿಯೊ.

ರೇಡಿಯೊದಲ್ಲಿ ಯಾವ ಹಾಡು ಹಾಕಬೇಕು? ಕ್ರಾಂತಿಗೀತೆ ಹಾಕಿದರೆ ತಕ್ಷಣ ಅನುಮಾನ ಬರುತ್ತದೆ. ಯಾರಿಗೂ ಏನೂ ಅನ್ನಿಸದ ಹಾಡು ಬೇಕು. ಆ ತಿಂಗಳು ಎಲ್ಲ ಕಡೆ ಕೇಳಿಬರುತ್ತಿದ್ದ, ರಾಜಕೀಯದ ಸೋಂಕೇ ಇಲ್ಲದ ಹಾಡು ಕೈಗೆ ಸಿಕ್ಕಿತು. ಯೂರೋವಿಷನ್‌ನಲ್ಲಿ ಸೋತುಬಂದ ಪ್ರೇಮಗೀತೆ!

ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷ. ಲಿಸ್ಬನ್‌ನ ಒಂದು ಬಾನುಲಿ ಕೇಂದ್ರದಿಂದ ಪಾವ್ಲೊ ಅವರ ದನಿ ತೇಲಿಬಂತು. ಮನೆಗಳಲ್ಲಿ ಜನ ಎಂದಿನಂತೆ ಕೇಳಿ ಮಲಗಿದರು. ಬ್ಯಾರಕ್‌ಗಳಲ್ಲಿ ಕೆಲವರು ಎದ್ದು ಬೂಟು ಕಟ್ಟಿಕೊಂಡರು. ಮಧ್ಯರಾತ್ರಿ ದಾಟಿ 20 ನಿಮಿಷಕ್ಕೆ ಇನ್ನೊಂದು ಕೇಂದ್ರದಿಂದ ಎರಡನೇ ಸಂಕೇತ, ಜೋಜೆ ಅಫೊನ್ಸೊ ಅವರ ‘ಗ್ರಾಂದುಲ, ವಿಲಾ ಮೊರೇನಾ’. ಇನ್ನು ಹಿಂದೆ ಸರಿಯುವ ಮಾತಿಲ್ಲ ಎಂದು ಅದರ ಅರ್ಥ. ಬೆಳಗಾಗುವ ಹೊತ್ತಿಗೆ ಟ್ಯಾಂಕುಗಳು ಲಿಸ್ಬನ್‌ನಲ್ಲಿದ್ದವು. ಸಂಜೆಯೊಳಗೆ 48 ವರ್ಷದ ಸರ್ವಾಧಿಕಾರ ಮುಗಿದಿತ್ತು. ಜನ ಸೈನಿಕರ ಬಂದೂಕಿನ ಬಾಯಿಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. ಹಾಗಾಗಿ ಅದಕ್ಕೆ ಕಾರ್ನೇಷನ್ ಕ್ರಾಂತಿ ಎಂದೇ ಹೆಸರು.

ಮೂರು ಅಂಕದ ಹಾಡು, 18 ದಿನದಲ್ಲಿ ಒಂದು ಸರ್ಕಾರ ಬೀಳಿಸುವ ಕೆಲಸಕ್ಕೆ ಬಂತು. ಈ ಹಾಡನ್ನು ‘ಸೋತ ಹಾಡು’ ಅನ್ನೋಕೆ ನನಗಂತೂ ಬಾಯಿ ಬರಲ್ಲ.

1975ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ರಾಂತಿಯಲ್ಲಿ ಪಾಲ್ಗೊಂಡ ಸೇನಾ ಕ್ಯಾಪ್ಟನ್ ಒಬ್ಬರನ್ನೇ ಹಾಡಲು ಕಳಿಸಿದರು! ಹೆಸರು ದುವಾರ್ತೆ ಮೆಂಡಿಶ್, ಹಾಡಿನ ಹೆಸರು ‘ಮದ್ರುಗಾದ’, ಅಂದರೆ ನಸುಕು. ಸ್ಟಾಕ್‌ಹೋಮ್‌ನಲ್ಲಿ 16 ಅಂಕ, 16ನೇ ಸ್ಥಾನ. ಊರಲ್ಲಿ ಎಂಥ ಪುಳಕ ಹುಟ್ಟಿಸಿದ್ದಿರಬಹುದು ಊಹಿಸಿ. ಸ್ವೀಡನ್ನಿನ ಸೋಫಾದಲ್ಲಿ ಕೂತವರಿಗೆ ಅದು ಇನ್ನೊಂದು ಹಾಡು, ಅಷ್ಟೇ.

ಬರಗಾಲದ ವರ್ಷಗಳು

ಆಮೇಲಿನ ನಲವತ್ತು ವರ್ಷವನ್ನು ಬೇಗ ದಾಟೋಣ. 1980ರಲ್ಲಿ ಏಳನೇ ಸ್ಥಾನ. 1991ರಲ್ಲಿ ದುಲ್ಸೆ ಪೊಂತಿಶ್ ಎಂಟನೆಯವರು. ಆಕೆ ಮುಂದೆ ದೊಡ್ಡ ಫಾದೊ ಗಾಯಕಿಯಾದರು. 1996ರಲ್ಲಿ ಲೂಸಿಯಾ ಮೊನಿಶ್ ಆರನೆಯವರು. ಎರಡು ದಶಕ ಅದೇ ಅತ್ಯುತ್ತಮ ಸಾಧನೆಯಾಗಿ ಉಳಿಯಿತು. ಮರುವರ್ಷವೇ ಮತ್ತೆ ಸೊನ್ನೆ. 1999ರಲ್ಲಿ ಸಿಕ್ಕ 12 ಅಂಕ ಪೂರ್ತಿ ಒಂದೇ ದೇಶದಿಂದ, ಫ್ರಾನ್ಸಿನಿಂದ ಬಂತು. ಅಲ್ಲಿ ದುಡಿಯಲು ಹೋಗಿ ನೆಲೆಸಿದ ಪೋರ್ಚುಗೀಸರು ಲಕ್ಷಗಟ್ಟಲೆ. ನೋಡಿ, ಅಲ್ಲೂ ಹಾಡು ಮುಟ್ಟಿದ್ದು ಮನೆಯವರಿಗೇ.

2004ರಿಂದ ಸೆಮಿಫೈನಲ್ ಶುರುವಾಯ್ತು. 2015ರವರೆಗೆ ಪೋರ್ಚುಗಲ್ ಹನ್ನೊಂದು ಸಲ ಬಂತು, ಎಂಟು ಸಲ ಅಲ್ಲೇ ಮುಗ್ಗರಿಸಿತು. ಅದರಲ್ಲಿ 2011ರದು ಸ್ವಲ್ಪ ಮಜಾ. ಸಾಲದ ಬಿಕ್ಕಟ್ಟಿನಲ್ಲಿ ದೇಶ ತತ್ತರಿಸುತ್ತಿತ್ತು, ಬೀದಿಯಲ್ಲಿ ಪ್ರತಿಭಟನೆ. ಜನ ಫೋನಿನಲ್ಲಿ ಮತ ಹಾಕಿ, 1970ರ ದಶಕದ ಕ್ರಾಂತಿಕಾರಿಗಳ ವೇಷ ತೊಟ್ಟು ಅಣಕ ಮಾಡುವ ಹಾಸ್ಯ ತಂಡವೊಂದನ್ನು ಗೆಲ್ಲಿಸಿ ಕಳಿಸಿದರು. ‘ಹೋರಾಟವೇ ಸಂತೋಷ’ ಎಂಬ ಅರ್ಥದ ಹಾಡು, ಕೈಯಲ್ಲಿ ಘೋಷಣೆ ಫಲಕಗಳು. ಊರಿನವರಿಗೆ ಜೋಕೂ ಅರ್ಥವಾಗಿತ್ತು, ಸಿಟ್ಟೂ ಅರ್ಥವಾಗಿತ್ತು. ಯುರೋಪು ಕಣ್ಣು ಪಿಳಿಪಿಳಿ ಬಿಟ್ಟಿತು.

ಇಷ್ಟು ವರ್ಷ ಬೇರೆಯವರು ಒಂದು ಕಾರಣ ಕೊಡುತ್ತಿದ್ದರು: ಪೋರ್ಚುಗೀಸ್ ಯಾರಿಗೂ ಅರ್ಥವಾಗಲ್ಲ, ಇಂಗ್ಲಿಷ್‌ನಲ್ಲಿ ಹಾಡಿ. 1999ರಿಂದ ಭಾಷೆಯ ನಿರ್ಬಂಧ ಹೋದ ಮೇಲೆ ಬಹುತೇಕ ದೇಶಗಳು ಇಂಗ್ಲಿಷ್‌ಗೆ ಜಿಗಿದವು. 2007ರಲ್ಲಿ ಸರ್ಬಿಯಾ ತನ್ನ ಭಾಷೆಯಲ್ಲಿ ಹಾಡಿ ಗೆದ್ದಿದ್ದು ಬಿಟ್ಟರೆ, ಮುಂದಿನ ಒಂಬತ್ತು ವರ್ಷ ಗೆದ್ದವೆಲ್ಲ ಇಂಗ್ಲಿಷಿನಲ್ಲೋ, ಇಂಗ್ಲಿಷ್ ಬೆರೆಸಿಯೋ ಹಾಡಿದವು. ಈ ವಾದ ಸುಳ್ಳು ಅಂತ ಹೇಳುವುದು 2016ರಲ್ಲಿ ಕಷ್ಟವಿತ್ತು.

ಒಂದು ವರ್ಷದ ರಜೆ

2016ರಲ್ಲಿ ಆರ್‌ಟಿಪಿ ಸ್ಪರ್ಧೆಗೆ ಬರಲಿಲ್ಲ. ಆ ಬಿಡುವಿನಲ್ಲಿ ಹಾಡಿನ ಹಬ್ಬವನ್ನು ಬಿಚ್ಚಿ ಮತ್ತೆ ಜೋಡಿಸಿತು. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇಲ್ಲಿದೆ, ಕೀವ್‌ನಲ್ಲಿ ಅಲ್ಲ.

ಮಾಡಿದ್ದೇನು? ನಿಜವಾಗಲೂ ಹಾಡು ಕಟ್ಟುವ 16 ಜನರನ್ನು ಕರೆದರು. ಜಾಝ್, ಇಂಡಿ, ಜಾನಪದ, ಯಾರಾದರೂ ಸರಿ. ‘ನಿಮಗಿಷ್ಟ ಬಂದ ಹಾಡು ಬರೆಯಿರಿ, ಯಾರಿಂದ ಬೇಕಾದರೂ ಹಾಡಿಸಿ’ ಅಂದರು. ಭಾಷೆಯ ಕಟ್ಟನ್ನೂ ಸಡಿಲಿಸಿದರು, ಇಂಗ್ಲಿಷ್‌ನಲ್ಲೂ ಬರೆಯಬಹುದು.

ಆ ಹದಿನಾರರಲ್ಲಿ ಒಬ್ಬಾಕೆ ಲೂಯಿಸಾ ಸೊಬ್ರಾಲ್. ಅಮೆರಿಕದ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿತವರು, ಹದಿಹರೆಯದಲ್ಲಿ ಟಿವಿಯ ಪ್ರತಿಭಾ ಶೋ ಒಂದರಲ್ಲಿ ಮೂರನೇ ಸ್ಥಾನ ಪಡೆದವರು. ಹಾಡು ಬರೆದರು, ಹಾಡಲು ತಮ್ಮನನ್ನು ಕರೆದರು. ತಮ್ಮನೂ 2009ರಲ್ಲಿ ಅದೇ ಶೋನಲ್ಲಿ ಹಾಡಿದ್ದ. ಆಮೇಲೆ ಬಾರ್ಸಿಲೋನಾಗೆ ಹೋಗಿ ಜಾಝ್ ಕಲಿತು ಬಂದಿದ್ದ. ಇಂಗ್ಲಿಷ್‌ಗೆ ಬಾಗಿಲು ತೆರೆದ ವರ್ಷವೇ ಅಕ್ಕ ಅಪ್ಪಟ ಪೋರ್ಚುಗೀಸ್‌ನಲ್ಲಿ ಬರೆದಳು ಅನ್ನೋದು ನನಗೆ ಖುಷಿ ಕೊಡುವ ವಿಷಯ. ಒತ್ತಾಯ ಇಲ್ಲದಾಗ ಭಾಷೆ ಹೀಗೆ ತಾನಾಗಿ ಬರುತ್ತೆ, ಅಲ್ವಾ?

ಇನ್ನೂ ಒಂದು ಗಮನಿಸುವಂಥದ್ದು. ಲಿಸ್ಬನ್‌ನಲ್ಲಿ ಮಾರ್ಚ್ 5ರಂದು ನಡೆದ ಅಂತಿಮ ಸುತ್ತಿನಲ್ಲಿ ಜನರ ಮತದಲ್ಲಿ ಸಾಲ್ವಡೋರ್ ಮೊದಲಿಗನಾಗಿರಲಿಲ್ಲ, ಎರಡನೆಯವ. ತೀರ್ಪುಗಾರರು ಮೇಲಿಟ್ಟಿದ್ದರಿಂದ ಗೆದ್ದ. ಐವತ್ತು ವರ್ಷ ಊರಿನವರ ನೆಚ್ಚಿನದನ್ನು ಕಳಿಸಿ ಸೋತವರು, ಊರಿನವರು ಎರಡನೆಯದಾಗಿ ಮೆಚ್ಚಿದ್ದನ್ನು ಕಳಿಸಿ ಗೆದ್ದರು.

ಮೂರು ನಿಮಿಷ

ಹಾಡಿನ ಹೆಸರು ‘ಅಮಾರ್ ಪೆಲುಶ್ ದೊಯಿಶ್’, ಇಬ್ಬರ ಪಾಲಿನ ಪ್ರೀತಿ. ಬಿಟ್ಟುಹೋಗಲಿರುವ ಪ್ರೇಮಿಯ ಮುಂದೆ ನಿಂತವನ ಮಾತು. ನಿನಗೆ ಮನಸ್ಸಿಲ್ಲದಿದ್ದರೆ ಪರವಾಗಿಲ್ಲ, ನಮ್ಮಿಬ್ಬರ ಪಾಲಿನದನ್ನೂ ನನ್ನ ಹೃದಯವೇ ಪ್ರೀತಿಸುತ್ತೆ ಎನ್ನುವ ಧಾಟಿ. ನಮ್ಮ ಭಾವಗೀತೆ ಕೇಳಿ ಬೆಳೆದವರಿಗೆ ಇದು ಅಪರಿಚಿತ ಅನ್ನಿಸಲ್ಲ. ಪದ ತಿಳಿಯದಿದ್ದರೂ ಯಾವ ಸಾಲಿನಲ್ಲಿ ಗಂಟಲು ಕಟ್ಟುತ್ತದೆ ಅನ್ನೋದು ಗೊತ್ತಾಗುತ್ತೆ.

ಆ ವರ್ಷದ ಉಳಿದ ವೇದಿಕೆ ನೆನಪಿಸಿಕೊಳ್ಳಿ. ಗೆಲ್ಲುವ ಕುದುರೆ ಎನಿಸಿದ್ದ ಇಟಲಿ, ಗಾಯಕನ ಪಕ್ಕ ಗೊರಿಲ್ಲಾ ವೇಷದವನನ್ನು ಕುಣಿಸಿತು. ಅಜರ್‌ಬೈಜಾನ್‌ನವರು ಕುದುರೆ ಮುಖವಾಡ ಹಾಕಿದವನನ್ನು ಏಣಿಯ ಮೇಲೆ ಕೂರಿಸಿದ್ದರು. ರೊಮೇನಿಯಾದವರು ಫಿರಂಗಿ ತಂದಿದ್ದರು.

ಸಾಲ್ವಡೋರ್ ದೊಡ್ಡ ವೇದಿಕೆಗೆ ಹೋಗಲೇ ಇಲ್ಲ. ಪ್ರೇಕ್ಷಕರ ನಡುವೆ ಇದ್ದ ಪುಟ್ಟ ದುಂಡು ಕಟ್ಟೆಯ ಮೇಲೆ ಒಬ್ಬನೇ ನಿಂತ. ಅಳತೆಗಿಂತ ದೊಡ್ಡದಾದ ಕಪ್ಪು ಕೋಟು, ತಲೆಯ ಹಿಂದೆ ಗಂಟು ಹಾಕಿದ ಕೂದಲು. ಕುಣಿತವಿಲ್ಲ, ಬೆಂಕಿಯಿಲ್ಲ. ತಂತಿವಾದ್ಯ ಶುರುವಾಗುತ್ತೆ. ಅವನ ಕೈಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕುವ ಹಾಗೆ ಆಡುತ್ತವೆ, ನಮ್ಮ ಹಿಂದೂಸ್ತಾನಿ ಗಾಯಕರು ಸ್ವರ ಹಿಡಿಯುವಾಗ ಕೈ ಆಡಿಸುತ್ತಾರಲ್ಲ, ಹಾಗೆ. ಕಣ್ಣು ಅರ್ಧ ಮುಚ್ಚಿದೆ. ದನಿ ಒಮ್ಮೆ ಪಿಸುಮಾತಿಗೆ ಇಳಿಯುತ್ತೆ, ಒಂದೊಂದು ಸಾಲನ್ನು ತಾಳಕ್ಕಿಂತ ಸ್ವಲ್ಪ ತಡೆದು ಬಿಡುತ್ತಾನೆ. ಸಾವಿರಾರು ಜನರಿದ್ದ ಸಭಾಂಗಣದಲ್ಲಿ ಒಬ್ಬರ ಕಿವಿಯಲ್ಲಿ ಹಾಡಿದ ಹಾಗಿದೆ.

ನೋಡುತ್ತಿದ್ದವರಲ್ಲಿ ಬಹಳಷ್ಟು ಜನರಿಗೆ ಇನ್ನೊಂದು ವಿಷಯ ಗೊತ್ತಿತ್ತು. ಅವನ ಹೃದಯ ಕೆಟ್ಟಿತ್ತು. ಕೀವ್‌ಗೆ ಬೇಗ ಹೋಗಲು ಆಗದೆ, ಮೊದಲ ತಾಲೀಮುಗಳಲ್ಲಿ ಅಕ್ಕನೇ ಅವನ ಜಾಗದಲ್ಲಿ ನಿಂತು ಹಾಡಿದ್ದಳು. ಅದಕ್ಕೆ ಆಯೋಜಕರು ಒಪ್ಪಿದ್ದರು. ಅವನು ಮಾತ್ರ ಕಾಯಿಲೆಯನ್ನು ಮುಂದಿಟ್ಟು ಕನಿಕರ ಕೇಳಲಿಲ್ಲ. ಪತ್ರಿಕಾಗೋಷ್ಠಿಗೆ ನಿರಾಶ್ರಿತರಿಗೆ ನೆರವು ಕೋರುವ ಬರಹವಿದ್ದ ಅಂಗಿ ತೊಟ್ಟು ಬಂದ. ರಾಜಕೀಯ ಸಂದೇಶ ಬೇಡ ಎಂದು ಆಯೋಜಕರಿಂದ ಹೇಳಿಸಿಕೊಂಡ.

ಅಂಕ ಎಣಿಸಿದಾಗ ತೀರ್ಪುಗಾರರಿಂದ 382, ಜನರಿಂದ 376. ಎರಡರಲ್ಲೂ ಮೊದಲು. ಒಟ್ಟು 758. ಎರಡನೇ ಸ್ಥಾನದ ಬಲ್ಗೇರಿಯಾಗೆ 615. ಪ್ರಶಸ್ತಿ ತೆಗೆದುಕೊಂಡವನು, ಬಿಸಾಡುವಂಥ ಸಂಗೀತದ ಕಾಲ ಇದು, ಸಂಗೀತ ಅಂದರೆ ಪಟಾಕಿಯಲ್ಲ, ಭಾವನೆ ಎಂದ. ಗೊರಿಲ್ಲಾ ಕುಣಿಸಿದವರಿಗೆ ಚುರುಕ್ ಅಂದಿರಬೇಕು. ಸ್ವಲ್ಪ ಜಂಭದ ಮಾತೇ ಅದು, ಗೆದ್ದ ರಾತ್ರಿ ಹೇಳಬೇಕಿರಲಿಲ್ಲ. ಆಮೇಲೆ ಅಕ್ಕನನ್ನು ವೇದಿಕೆಗೆ ಕರೆದು ಜೊತೆಯಾಗಿ ಹಾಡಿದ.

ಹಾಗಾದರೆ ಗೆಲುವಿಗೆ ಕಾರಣ ಏನು? ಎಲ್ಲರೂ ಅಬ್ಬರಿಸುವಾಗ ಒಬ್ಬ ಮೆಲ್ಲಗೆ ಹಾಡಿದ್ದು, ಹೌದು. ಅವನ ಕಾಯಿಲೆಯ ಸುದ್ದಿಯೂ ಸ್ವಲ್ಪ ಕೆಲಸ ಮಾಡಿರಬಹುದು. ಆದರೆ ಹಳೆಯ 48ಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಬೇರೆ. ಈ ಹಾಡು ಅರ್ಥವಾಗಲು ಪೋರ್ಚುಗಲ್‌ನ ಸುದ್ದಿ ಗೊತ್ತಿರಬೇಕಿಲ್ಲ. ಗೂಳಿ ಯಾರು, ನಸುಕು ಯಾವುದು, ಫಲಕದಲ್ಲಿ ಏನಿದೆ ಎಂದು ಯಾರೂ ಪಕ್ಕದವರನ್ನು ಕೇಳಬೇಕಿರಲಿಲ್ಲ. ತೊಡಕಾಗಿದ್ದುದು ಭಾಷೆಯಲ್ಲ, ಹಾಡಿನ ಹಿಂದಿನ ಕಥೆ.

ಆಮೇಲೆ

ಗೆದ್ದವರ ಮನೆಯಲ್ಲಿ ಮುಂದಿನ ಹಬ್ಬ. 2018ರ ಮೇ ತಿಂಗಳಲ್ಲಿ 43 ದೇಶಗಳು ಲಿಸ್ಬನ್‌ಗೆ ಬಂದವು. ತೇಜು ನದಿಯ ದಂಡೆಯ ಸಭಾಂಗಣ, ಸಮುದ್ರಯಾನದ ಥೀಮು, ನಿರೂಪಣೆಗೆ ನಾಲ್ವರು ಹೆಂಗಸರು. ಹಿಂದಿನ ವರ್ಷಗಳಲ್ಲಿದ್ದ ದೈತ್ಯ ಎಲ್‌ಇಡಿ ಪರದೆಗಳನ್ನು ಕೈಬಿಟ್ಟು, ಹಡಗಿನ ಪಕ್ಕೆಲುಬುಗಳಂತೆ ಕಾಣುವ ವೇದಿಕೆ ಕಟ್ಟಿದ್ದರು.

ಸಾಲ್ವಡೋರ್‌ಗೆ 2017ರ ಡಿಸೆಂಬರ್‌ನಲ್ಲಿ ಹೃದಯ ಕಸಿಯಾಗಿತ್ತು. ಐದು ತಿಂಗಳಿಗೆ ಆ ವೇದಿಕೆಗೆ ಬಂದು, ಬ್ರೆಜಿಲ್‌ನ ಹಿರಿಯ ಗಾಯಕ ಕಯೆತಾನೊ ವೆಲೊಸೊ ಜೊತೆ ಅದೇ ಹಾಡು ಹಾಡಿದ. ಹೃದಯದ ಸಾಲು ಬಂದಾಗ ಅವನಿಗೆ ಏನನ್ನಿಸಿತೋ.

ಸ್ಪರ್ಧೆಯಲ್ಲಿ ಆತಿಥೇಯರ ಹಾಡು ‘ಓ ಜಾರ್ದಿಂ’, ತೀರಿಹೋದ ಅಜ್ಜಿಯ ತೋಟದ ನೆನಪು. ಅದೂ ಮೆಲುದನಿಯದೇ, ಅದೂ ಪೋರ್ಚುಗೀಸಿನದೇ. ಸೂತ್ರ ಅದೇ ಅಲ್ವಾ? ಬಂದದ್ದು 39 ಅಂಕ, 26 ದೇಶಗಳಲ್ಲಿ 26ನೆಯದು. ಗೆದ್ದ ಹಾಡಿನಿಂದ ಸೂತ್ರ ತೆಗೆಯಲು ಹೋದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆದರೂ ಆರ್‌ಟಿಪಿ ಸಂಗೀತಗಾರರನ್ನು ಕರೆದು ಬರೆಸುವ ಪದ್ಧತಿ ಬಿಡಲಿಲ್ಲ. 2021ರಲ್ಲಿ ಮೊದಲ ಸಲ ಪೂರ್ತಿ ಇಂಗ್ಲಿಷ್ ಹಾಡು ಹೋಗಿ 12ನೆಯದಾಯ್ತು. 2022ರಲ್ಲಿ ಒಂಬತ್ತನೆಯದು, 2024ರಲ್ಲಿ ಹತ್ತನೆಯದು. ಹಳೆಯ ಲೆಕ್ಕಕ್ಕೆ ಹೋಲಿಸಿದರೆ ಇದು ಸುಗ್ಗಿ.

2025ರಲ್ಲಿ ನಾಪಾ ಎಂಬ ತಂಡ ಹೋಯಿತು. ಮದೀರಾ ದ್ವೀಪದ ಹುಡುಗರು. ಓದಲು ಲಿಸ್ಬನ್‌ಗೆ ಬಂದವರು, ದೊಡ್ಡ ಊರಿನಲ್ಲಿ ನೆಲೆ ಸಿಗದೆ ದ್ವೀಪದ ಮನೆಯನ್ನೇ ನೆನೆಯುವ ಹಾಡು, ‘ದೆಸ್ಲುಕಾದು’. ಬೆಂಗಳೂರಿನ ಪಿಜಿಯಲ್ಲಿ ಕೂತು ಧಾರವಾಡದ ಮಳೆ ನೆನೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ವೇದಿಕೆಯ ಮೇಲೆ ಗಿಟಾರು, ಕೀಬೋರ್ಡು, ಡ್ರಮ್ಮು, ಐದು ಜನ. 21ನೇ ಸ್ಥಾನ. ಆ ಬೇಸಿಗೆಯಲ್ಲಿ ಪೋರ್ಚುಗಲ್‌ನವರು ಅದನ್ನೇ ಕೇಳಿದರು, ಮತ್ತೆ ಮತ್ತೆ ಕೇಳಿದರು.